ತಂಗಿಯ ರಿಪೋರ್ಟ್ ಓದಿದ ಮೇಲೆ

18 ನವೆಂಬರ್ 2025, ಮಂಗಳವಾರ

ತಂಗಿಯ ರಿಪೋರ್ಟ್ ಇವತ್ತು ಕೈಗೆ ಬಂತು. ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್, ಲೆವೆಲ್ 1. ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆಯಾಗಿದ್ದು, ಜನರೊಡನೆ ಬೆರೆಯುವುದು, ಸದ್ದು ಸ್ಪರ್ಶ ತಾಳಿಕೊಳ್ಳುವುದು, ಬದಲಾವಣೆಗೆ ಹೊಂದಿಕೊಳ್ಳುವುದು ಕಷ್ಟವಾಗುವ ಸ್ಥಿತಿ. ಅವಳಿಗೆ ಈಗ 36 ವರ್ಷ. ಓದಿದ್ದಾಳೆ, ಕೆಲಸದಲ್ಲಿದ್ದಾಳೆ, ಮಗಳನ್ನು ಬೆಳೆಸುತ್ತಿದ್ದಾಳೆ. ಹಾಗಾಗಿ ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಇಷ್ಟು ಚೆನ್ನಾಗಿ ಮಾತಾಡ್ತಾಳೆ, ಇವಳಿಗೆಲ್ಲಿ ಆಟಿಸಂ?" ದೊಡ್ಡಮ್ಮ ಅಂತೂ, "ಈಗಿನ ಡಾಕ್ಟರುಗಳಿಗೆ ಏನಾದರೊಂದು ಹೆಸರಿಡದಿದ್ದರೆ ಸಮಾಧಾನ ಇಲ್ಲ" ಎಂದುಬಿಟ್ಟರು.

ತಂಗಿ ಯಾರಿಗೂ ಉತ್ತರ ಕೊಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಅಕ್ಕಾ, ಒಬ್ಬೊಬ್ಬರಿಗೂ ಇದನ್ನು ಹೇಳಿ ಹೇಳಿ ನನಗೆ ಸಾಕಾಗುತ್ತೆ. ನೀನು ಬರೀತೀಯಲ್ಲ, ನೀನೇ ಬರಿ" ಎಂದಳು. ಹೆಸರು ಬೇಡ, ಉಳಿದದ್ದೆಲ್ಲ ಬರೆಯಬಹುದು ಅಂತ ಒಪ್ಪಿಗೆಯನ್ನೂ ಕೊಟ್ಟಳು. ಆದ್ದರಿಂದ ಇವತ್ತಿನ ದಿನಚರಿ ಸ್ವಲ್ಪ ಉದ್ದ.

ಆಟಿಸಂ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಒಬ್ಬ ಚಿಕ್ಕ ಹುಡುಗ. ಮಾತಾಡುವುದಿಲ್ಲ, ಮುಖ ನೋಡುವುದಿಲ್ಲ, ಮೂಲೆಯಲ್ಲಿ ಕೂತು ಆಟಿಕೆಗಳನ್ನು ಸಾಲಾಗಿ ಜೋಡಿಸುತ್ತಾನೆ. ಅಂಥ ಮಕ್ಕಳು ಇದ್ದಾರೆ. ಆದರೆ ಆಟಿಸಂ ಇರುವುದು ಅವರಿಗೆ ಮಾತ್ರ ಅಲ್ಲ. ಈ ಚಿತ್ರ ಹುಟ್ಟಿದ್ದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 1943ರಲ್ಲಿ ಇಂಥ 11 ಮಕ್ಕಳ ಬಗ್ಗೆ ಬರೆದರು, ಅವರಲ್ಲಿ 8 ಮಂದಿ ಹುಡುಗರು. ಮರುವರ್ಷ ವಿಯೆನ್ನಾದಲ್ಲಿ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ವಿವರಿಸಿದ್ದೂ ಹುಡುಗರನ್ನೇ. ಮುಂದೆ ಬಂದ ಪ್ರಶ್ನಾವಳಿ, ಪರೀಕ್ಷೆಗಳೆಲ್ಲ ಬಹುಮಟ್ಟಿಗೆ ಹುಡುಗರನ್ನು ನೋಡಿ ಮಾಡಿದವು. ಇವರಿಬ್ಬರಿಗಿಂತ ಮೊದಲೇ, 1925ರಲ್ಲಿ, ಸೋವಿಯತ್ ರಷ್ಯಾದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂಥ 6 ಹುಡುಗರ ಬಗ್ಗೆ ಬರೆದಿದ್ದರು. 1927ರಲ್ಲಿ ಹುಡುಗಿಯರ ಬಗ್ಗೆಯೂ ಬರೆದರು. ದಶಕಗಳ ಕಾಲ ಅವರ ಹೆಸರೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆ ಬರಹವನ್ನು ಆಗಲೇ ನಾಲ್ಕು ಜನ ಓದಿದ್ದರೆ ಎಷ್ಟು ಹೆಣ್ಣುಮಕ್ಕಳ ಬಾಲ್ಯ ಬೇರೆ ಥರ ಇರುತ್ತಿತ್ತೋ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸ್ಪೆಕ್ಟ್ರಮ್ ಎಂಬ ಕಲ್ಪನೆ ಬೆಳೆದದ್ದು ಲಂಡನ್ನಿನಲ್ಲಿ. ಲೋರ್ನಾ ವಿಂಗ್ ಮನೋವೈದ್ಯೆ, ಜೊತೆಗೆ ಆಟಿಸಂ ಇದ್ದ ಮಗಳ ತಾಯಿ. ಅವರೂ ಜೂಡಿತ್ ಗೌಲ್ಡ್ ಅವರೂ ಸೇರಿ ಮಾಡಿದ ಅಧ್ಯಯನ 1979ರಲ್ಲಿ ಬಂತು. ಕ್ಯಾನರ್ ವಿವರಣೆಗೆ ಪೂರ್ತಿ ಹೊಂದದಿದ್ದರೂ ಅದೇ ರೀತಿಯ ಕಷ್ಟಗಳಿದ್ದ ಮಕ್ಕಳು ಅದರಲ್ಲಿ ಎಷ್ಟೋ ಜನ ಸಿಕ್ಕಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಬೇರೆ ಬೇರೆ ಹೆಸರುಗಳೆಲ್ಲ ಹೋಗಿ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರು ಉಳಿಯಿತು.

ಆದರೆ ಜನ ಸ್ಪೆಕ್ಟ್ರಮ್ ಅಂದರೆ ಒಂದು ಅಳತೆಪಟ್ಟಿ ಅಂದುಕೊಳ್ಳುತ್ತಾರೆ. ಈ ತುದಿಯಲ್ಲಿ ಕಡಿಮೆ, ಆ ತುದಿಯಲ್ಲಿ ಜಾಸ್ತಿ. ನನ್ನ ಗೆಳತಿಯ ಮಗನನ್ನೂ ನನ್ನ ತಂಗಿಯನ್ನೂ ಅದರ ಮೇಲೆ ಎಲ್ಲಿಡುವುದು ಹೇಳಿ. ಅವನಿಗೆ ಮಾತು ಬಂದಿಲ್ಲ. ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಮಾತಾಡುತ್ತಾನೆ. ಬಟ್ಟೆ ಹಾಕಿಕೊಳ್ಳಲು ಯಾರಾದರೂ ಬೇಕು, ಫಿಟ್ಸ್ ಕೂಡ ಬರುತ್ತದೆ. ಆದರೆ ಜನಜಂಗುಳಿ ಕಂಡರೆ ಅವನಿಗೆ ಖುಷಿ, ಗಲಾಟೆಯಲ್ಲೂ ಸುಖವಾಗಿ ನಿದ್ದೆ ಮಾಡುತ್ತಾನೆ. ನನ್ನ ತಂಗಿ ಗಂಟೆಗಟ್ಟಲೆ ಮಾತಾಡಬಲ್ಲಳು. ಆದರೆ ಹತ್ತು ಗಂಟೆಗೆ ಅಂದ ಕೆಲಸ ಹನ್ನೊಂದಕ್ಕೆ ಹೋದರೆ ಅವಳ ಇಡೀ ದಿನ ಕೆಟ್ಟುಹೋಗುತ್ತದೆ. ಅದೂ ಅಲ್ಲದೆ, ಚೆನ್ನಾಗಿ ನಿದ್ದೆ ಆದ ದಿನ ಮಾಡುವ ಕೆಲಸ ನಿದ್ದೆಗೆಟ್ಟ ದಿನ ಮಾಡಲಾಗುವುದಿಲ್ಲ. ಲೆವೆಲ್ 1, 2, 3 ಅನ್ನುವುದು ಎಷ್ಟು ನೆರವು ಬೇಕು ಅಂತ ಹೇಳುವುದಕ್ಕೆ. ಒಳಗೆ ಎಷ್ಟು ಕಷ್ಟವಾಗುತ್ತಿದೆ ಅನ್ನೋದು ಆ ಅಂಕಿಯಲ್ಲಿ ಇರುವುದಿಲ್ಲ.

ಆ ಒಳಗಿನದ್ದೇ ನನಗೆ ಮುಖ್ಯ. ಈ ವಿಷಯದ ಬಗ್ಗೆ ಬಂದ ಬರಹಗಳಲ್ಲಿ ಜಾಸ್ತಿ ಇರುವುದು ಹೊರಗೆ ನಿಂತು ನೋಡಿದವರ ಮಾತು. ಕೈ ಆಡಿಸುತ್ತಾನೆ, ಕಿವಿ ಮುಚ್ಚಿಕೊಳ್ಳುತ್ತಾಳೆ, ಹೇಳಿದ್ದನ್ನೇ ಹೇಳುತ್ತಾನೆ. ಯಾಕೆ ಅಂತ ಅವರನ್ನೇ ಕೇಳಿದವರು ತೀರ ಕಡಿಮೆ.

ತಂಗಿ ಹೇಳಿದ್ದು ಹೀಗೆ. ಒಂದು ಕೋಣೆಯಲ್ಲಿ ಫ್ರಿಜ್ ಗುಂಯ್‌ಗುಡುತ್ತಿದೆ, ಫ್ಯಾನ್ ತಿರುಗುತ್ತಿದೆ, ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿದ್ದಾರೆ, ಎದುರಿಗೆ ನಾನು ಮಾತಾಡುತ್ತಿದ್ದೇನೆ. ನನಗಾದರೆ ಬೇಡದ ಸದ್ದು ತಾನಾಗಿಯೇ ಹಿಂದೆ ಸರಿಯುತ್ತದೆ. ಅವಳಿಗೆ ನಾಲ್ಕೂ ಒಂದೇ ಜೋರಿನಲ್ಲಿ ಕೇಳುತ್ತವೆ. ನನ್ನ ಮಾತನ್ನು ಅವಳು ಕೈಯಾರೆ ಹೆಕ್ಕಿ ತೆಗೆಯಬೇಕು. ಕುತ್ತಿಗೆ ಹತ್ತಿರದ ಬಟ್ಟೆಯ ಲೇಬಲ್ ಸಂಜೆಯವರೆಗೂ ಚುಚ್ಚುತ್ತಲೇ ಇರುತ್ತದೆ. ಕೆಲವರಿಗೆ ಇದರ ಉಲ್ಟಾ ಇರುತ್ತದೆ. ಹಸಿವು ಗೊತ್ತಾಗುವುದಿಲ್ಲ, ನೋವು ಗೊತ್ತಾಗುವುದಿಲ್ಲ, ಜ್ವರ ಏರಿದ್ದೂ ಗೊತ್ತಾಗುವುದಿಲ್ಲ. ಒಬ್ಬರಲ್ಲೇ ಎರಡೂ ಇರಬಹುದು. ತಂಗಿ ಸದ್ದಿಗೆ ಬೆಚ್ಚುತ್ತಾಳೆ, ಆದರೆ ಮಧ್ಯಾಹ್ನ ಊಟ ಮಾಡಿಲ್ಲ ಅನ್ನೋದು ಕೈ ನಡುಗಲು ಶುರುವಾದ ಮೇಲೇ ಅವಳಿಗೆ ತಿಳಿಯುವುದು.

ಇದು ತುಂಬಿ ತುಳುಕಿದಾಗ ಆಗುವುದು ಮೆಲ್ಟ್‌ಡೌನ್. ನೋಡುವವರು ಹಠ ಅನ್ನುತ್ತಾರೆ. ಹಠ ಮಾಡುವ ಮಗುವಿಗೆ ಏನೋ ಒಂದು ಬೇಕಾಗಿರುತ್ತದೆ, ಕೊಟ್ಟರೆ ಅಳು ನಿಲ್ಲುತ್ತದೆ, ಮಧ್ಯೆ ಯಾರಾದರೂ ನೋಡುತ್ತಿದ್ದಾರಾ ಅಂತ ಒಂದು ಕಣ್ಣೂ ಹಾಯಿಸುತ್ತದೆ. ಮೆಲ್ಟ್‌ಡೌನ್ ಆದವರಿಗೆ ಏನು ಕೊಟ್ಟರೂ ನಿಲ್ಲುವುದಿಲ್ಲ. ನಿಲ್ಲಿಸುವುದು ಅವರ ಕೈಯಲ್ಲೇ ಇಲ್ಲ. ಕೆಲವರು ಕೂಗುವ ಬದಲು ಪೂರ್ತಿ ಮುಚ್ಚಿಕೊಳ್ಳುತ್ತಾರೆ, ಅದು ಶಟ್‌ಡೌನ್. ನನ್ನ ತಂಗಿಯದು ಅದೇ. ಉದ್ದನೆಯ ಮೀಟಿಂಗ್ ಆದ ದಿನ ಅವಳಿಗೆ ಬಾಯಿಂದ ಮಾತೇ ಹೊರಡುವುದಿಲ್ಲ. ಪಕ್ಕದ ಕೋಣೆಯಿಂದ ನನಗೆ ಮೆಸೇಜ್ ಮಾಡುತ್ತಾಳೆ. ಆಗ ಬೇಕಾದದ್ದು ಸಮಾಧಾನದ ಮಾತಲ್ಲ. ಲೈಟ್ ಕಡಿಮೆ ಮಾಡಬೇಕು, ಸದ್ದು ನಿಲ್ಲಿಸಬೇಕು, "ಏನಾಯ್ತು, ಏನಾಯ್ತು" ಅಂತ ಕೇಳಬಾರದು. ಕೇಳದೆ ಮುಟ್ಟಲೂಬಾರದು. ಸುಮ್ನೆ ಸಮಯ ಕೊಡಬೇಕು.

ಕೈ ಆಡಿಸುವುದು, ತೂಗಾಡುವುದು, ಗುನುಗುವುದು, ಇವಕ್ಕೆ ಸ್ಟಿಮ್ಮಿಂಗ್ ಅನ್ನುತ್ತಾರೆ. ಅದರಿಂದ ಅವರಿಗೆ ನೆಮ್ಮದಿ ಸಿಗುತ್ತದೆ. ಖುಷಿಯಾದಾಗಲೂ ಮಾಡುತ್ತಾರೆ. ಯಾರಿಗೂ ಅದರಿಂದ ತೊಂದರೆ ಇಲ್ಲ. ಆದರೂ ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದ ಮೊದಲ ಪಾಠ "ಕೈ ಸುಮ್ಮನಿಡು". ನೋಡುವವರಿಗೆ ಮುಜುಗರ ಆಗುತ್ತದೆಂದು ಮಗುವಿನ ನೆಮ್ಮದಿ ಕಿತ್ತುಕೊಳ್ಳುವುದು ನನ್ನ ಪ್ರಕಾರ ಕ್ರೌರ್ಯ. ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಬೇರೆ ವಿಷಯ. ಅದನ್ನು ತಡೆಯಲೇಬೇಕು. ಆದರೆ ತಡೆಯುವಾಗಲೇ ಕಾರಣವನ್ನೂ ಹುಡುಕಬೇಕು. ಗೆಳತಿಯ ಮಗ ಒಮ್ಮೆ ದವಡೆಗೆ ಹೊಡೆದುಕೊಳ್ಳಲು ಶುರು ಮಾಡಿದ. ಎಲ್ಲರೂ ಅದನ್ನು ವರ್ತನೆಯ ಸಮಸ್ಯೆ ಅಂದರು. ಕೊನೆಗೆ ಅವನೇ ಟ್ಯಾಬ್ಲೆಟ್ ಎಳೆದುಕೊಂಡು "ಬಾಯಿ" ಒತ್ತಿದ, "ನೋವು" ಒತ್ತಿದ. ಹಲ್ಲು ಹುಳುಕಾಗಿತ್ತು. ಟ್ಯಾಬ್ಲೆಟ್ ಕೊಟ್ಟರೆ ಮಗು ಮಾತು ಕಲಿಯುವುದಿಲ್ಲ ಅಂತ ಹೆದರಿಸುವವರು ಈಗಲೂ ಇದ್ದಾರೆ. ಇಂಥ ಸಾಧನಗಳಿಂದ ಮಾತು ಹಿಂದೆ ಬೀಳುವುದಿಲ್ಲ, ಕೆಲವು ಮಕ್ಕಳಿಗೆ ಮಾತು ಬರಲು ಸಹಾಯವೂ ಆಗುತ್ತದೆ ಅಂತ ಸ್ಪೀಚ್ ಥೆರಪಿಸ್ಟ್‌ಗಳು ಹೇಳುತ್ತಾರೆ. ಮಾತು ಬರಲಿ, ಬಿಡಲಿ, ಹಲ್ಲುನೋವು ಹೇಳಿಕೊಳ್ಳಲು ಒಂದು ದಾರಿ ಬೇಕಲ್ವಾ?

ಇನ್ನು "ಇಷ್ಟು ಚೆನ್ನಾಗಿ ಮಾತಾಡ್ತಾಳೆ" ಅನ್ನುವ ಮಾತು. ಆ ಚೆನ್ನಾಗಿ ಮಾತಾಡುವುದರ ಹಿಂದೆ ಏನಿದೆ ಅಂತ ಕೇಳಿದೆ. ಫೋನ್ ಮಾಡುವ ಮೊದಲು ಹೇಳಬೇಕಾದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾಳೆ. ಕಣ್ಣಿಗೆ ಕಣ್ಣು ಕೊಡಲು ಆಗದ್ದಕ್ಕೆ ಎದುರಿನವರ ಹುಬ್ಬುಗಳ ನಡುವೆ ನೋಡುತ್ತಾಳೆ. ಬೇರೆಯವರು ನಕ್ಕಾಗ ನಗುತ್ತಾಳೆ, ಎಷ್ಟು ಹೊತ್ತು ನಗಬೇಕು ಅಂತ ಲೆಕ್ಕವನ್ನೂ ಹಾಕುತ್ತಾಳೆ. ಶಾಲೆಯಲ್ಲಿದ್ದಾಗ ಒಬ್ಬ ಗೆಳತಿಯನ್ನು ನೋಡಿ ನೋಡಿ ಅವಳ ಹಾಗೆ ನಿಲ್ಲುವುದು, ಅವಳ ಹಾಗೆ ಮಾತು ಮುಗಿಸುವುದು ಕಲಿತಳಂತೆ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಅವಳು ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ಮಲಗುತ್ತಿದ್ದದ್ದು ಇದರ ಸುಸ್ತಿಗೆ. ಹೀಗೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಬದುಕುವವರಲ್ಲಿ ಆತಂಕ, ಖಿನ್ನತೆ ಜಾಸ್ತಿ. ಸಾಯುವ ಯೋಚನೆಗೂ ಮಾಸ್ಕಿಂಗ್‌ಗೂ ನಂಟಿದೆ ಅಂತ ಅಧ್ಯಯನಗಳು ಹೇಳುತ್ತವೆ. ತಂಗಿ ಆತಂಕಕ್ಕೆ ಮಾತ್ರೆ ತೆಗೆದುಕೊಂಡದ್ದು ಎಷ್ಟೋ ವರ್ಷ. ಆ ಆತಂಕ ಎಲ್ಲಿಂದ ಹುಟ್ಟುತ್ತಿದೆ ಅಂತ ಒಬ್ಬ ಡಾಕ್ಟರೂ ಹುಡುಕಲಿಲ್ಲ. ಆಟಿಸಂ ಇರುವ 4 ಹುಡುಗರಿಗೆ 1 ಹುಡುಗಿ ಅಂತ ಹಿಂದೆ ಹೇಳುತ್ತಿದ್ದರು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು 3ಕ್ಕೆ 1ರ ಹತ್ತಿರ ಬಂತು. ಸರಿಯಾಗಿ ಹುಡುಕಿದಲ್ಲಿ ಹುಡುಗಿಯರು ಸಿಗುತ್ತಿದ್ದಾರೆ.

ದೊಡ್ಡಮ್ಮ ಇನ್ನೊಂದು ಮಾತೂ ಅಂದಿದ್ದರು. "ಅಂಥವರಿಗೆ ಇನ್ನೊಬ್ಬರ ಮೇಲೆ ಮಮತೆ ಇರಲ್ಲವಂತೆ." ನನಗೆ ಆಪರೇಷನ್ ಆದಾಗ ತಂಗಿ ಒಂದು ದಿನವೂ "ಹೇಗಿದ್ದೀಯ" ಅಂತ ಕೇಳಲಿಲ್ಲ. ಯಾವ ಮಾತ್ರೆ ಯಾವಾಗ, ಯಾವುದು ಖಾಲಿ ಹೊಟ್ಟೆಗೆ ಬೇಡ, ಎಲ್ಲವನ್ನೂ ಬಣ್ಣ ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ರಾತ್ರಿ ಎರಡರ ಮಾತ್ರೆಗೆ ಅಲಾರಂ ಇಟ್ಟುಕೊಂಡು ಎದ್ದವಳೂ ಅವಳೇ. ಮಮತೆ ಇದಕ್ಕಿಂತ ಬೇರೆ ಏನಿರುತ್ತದೆ? ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞ, ಅವರಿಗೂ ಆಟಿಸಂ ಇದೆ, 2012ರಲ್ಲಿ ಒಂದು ವಾದ ಇಟ್ಟರು. ಅರ್ಥ ಮಾಡಿಕೊಳ್ಳಲಾಗದ ಕಷ್ಟ ಎರಡೂ ಕಡೆ ಇದೆ, ಒಂದೇ ಕಡೆಯವರ ಮೇಲೆ ಹೊರೆ ಹಾಕುತ್ತಿದ್ದೇವೆ ಅಂತ. 2020ರಲ್ಲಿ ಎಡಿನ್‌ಬರೊದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎಂಟೆಂಟು ಜನರ ಸಾಲು ಮಾಡಿ, ಮೊದಲನೆಯವರಿಗೆ ಒಂದು ಕಥೆ ಹೇಳಿ, ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಆಟಿಸಂ ಇರುವವರೇ ಇದ್ದ ಸಾಲಿನಲ್ಲೂ ಕಥೆ, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ವಿವರ ಜಾಸ್ತಿ ಕಳೆದುಹೋದದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ.

ಅಮ್ಮ ರಾತ್ರಿ ಎಲ್ಲರೂ ಎದ್ದುಹೋದ ಮೇಲೆ ಕೇಳಿದಳು. "ಇವಳು ಹೊಟ್ಟೆಯಲ್ಲಿದ್ದಾಗ ನಾನು ಏನಾದರೂ ಮಾಡಬಾರದ್ದು ಮಾಡಿದೆನಾ?" ಇದಕ್ಕೆ ಮಾತ್ರ ನಾನು ಬೇಗ ಬೇಗ ಉತ್ತರ ಕೊಟ್ಟೆ, ಯಾಕೆಂದರೆ ಈ ಪ್ರಶ್ನೆ ಲಕ್ಷಾಂತರ ತಾಯಂದಿರನ್ನು ಸುಟ್ಟಿದೆ. 1950, 60ರ ದಶಕಗಳಲ್ಲಿ ತಾಯಿ ಪ್ರೀತಿ ತೋರಿಸದೆ ಇದ್ದದ್ದಕ್ಕೇ ಮಗು ಹೀಗಾಯಿತು ಅಂತ ದೊಡ್ಡ ದೊಡ್ಡ ತಜ್ಞರೇ ಹೇಳಿದರು. ಅಮೆರಿಕದ ಬ್ರೂನೋ ಬೆಟಲ್‌ಹೈಮ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ಊರೂರಿಗೂ ಹಬ್ಬಿಸಿದರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಇದು ಸುಳ್ಳು, ಕಾರಣ ದೇಹದಲ್ಲೇ ಇದೆ ಅಂತ ವಾದಿಸಿ ಪುಸ್ತಕ ಬರೆದರು. ಅವರು ಮನಶ್ಶಾಸ್ತ್ರಜ್ಞರು, ಅವರ ಮಗನಿಗೂ ಆಟಿಸಂ ಇತ್ತು. 1977ರಲ್ಲಿ ಮನೋವೈದ್ಯರಾದ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಆಟಿಸಂ ಇದ್ದ 21 ಅವಳಿ ಜೋಡಿಗಳನ್ನು ನೋಡಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿ ಅಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು ಅನ್ನುವುದು ಅಲ್ಲಿಂದ ಗಟ್ಟಿಯಾಗುತ್ತಲೇ ಬಂದಿದೆ. ದಡಾರ ಮುಂತಾದವಕ್ಕೆ ಕೊಡುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಕಥೆಯೂ ಹಾಗೇ ಸುಳ್ಳು. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೀ 12 ಮಕ್ಕಳನ್ನು ಇಟ್ಟುಕೊಂಡು ಬಂದ ಲೇಖನವನ್ನು 2010ರಲ್ಲಿ ಆ ಪತ್ರಿಕೆಯೇ ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ನೋಡಿದ ಅಧ್ಯಯನ 2019ರಲ್ಲಿ ಬಂತು. ಲಸಿಕೆಗೂ ಆಟಿಸಂಗೂ ನಂಟು ಸಿಗಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದಕ್ಕೆ ಔಷಧಿ?" ಎಂದಳು. ಆಟಿಸಂ ಗುಣ ಮಾಡುವ ಔಷಧಿ ಇಲ್ಲ. ಜೊತೆಗೆ ಬರುವ ಫಿಟ್ಸ್, ನಿದ್ದೆಯ ತೊಂದರೆ, ಆತಂಕ, ಇವಕ್ಕೆ ಚಿಕಿತ್ಸೆ ಇದೆ. ಗುಣ ಮಾಡುತ್ತೇವೆ ಅನ್ನುವವರ ಬಗ್ಗೆ ನನಗೆ ತುಂಬಾ ಸಿಟ್ಟಿದೆ. ಮೈಯಿಂದ ಲೋಹ ತೆಗೆಯುತ್ತೇವೆ ಅಂತ ಕೊಟ್ಟ ಕೀಲೇಷನ್ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ 5 ವರ್ಷದ ಒಂದು ಮಗು ಸತ್ತಿತು. ಬ್ಲೀಚ್ ಕುಡಿಸಿದವರೂ ಇದ್ದಾರೆ. ಹೆದರಿದ ತಂದೆತಾಯಿಯ ಮುಂದೆ ಇಂಥದ್ದನ್ನು ಮಾರುವವರಿಗೆ ಕ್ಷಮೆ ಇರಬಾರದು.

ತಂಗಿ ಈಗ ಆಫೀಸಿಗೆ ಒಂದು ಮೇಲ್ ಬರೆದಿಟ್ಟಿದ್ದಾಳೆ. ಮೀಟಿಂಗಿನ ವಿಷಯ ಹಿಂದಿನ ದಿನವೇ ಬೇಕು, ಬಾಯಲ್ಲಿ ಹೇಳುವ ಕೆಲಸವನ್ನು ಬರೆದೂ ಕೊಡಬೇಕು, ಓಡಾಟದ ದಾರಿಯಿಂದ ದೂರ ಒಂದು ಸೀಟು ಬೇಕು, ಹೆಡ್‌ಫೋನ್ ಹಾಕಿಕೊಳ್ಳಲು ಬಿಡಬೇಕು. ಅದರಲ್ಲಿ ಆಟಿಸಂ ಅಂತ ಬರೆಯಬೇಕಾ, ಬೇಡವಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಹೇಳಿದರೆ ಸೀಟು ಸಿಗಬಹುದು, ಮುಂದಿನ ಪ್ರಮೋಷನ್ ತಪ್ಪಲೂಬಹುದು. ಇದು ಅವಳೇ ತೀರ್ಮಾನ ಮಾಡಬೇಕಾದದ್ದು, ನಾನು ಬಾಯಿ ಹಾಕುವುದಿಲ್ಲ. ಆತಂಕದ ಮಾತ್ರೆ ಮುಂದುವರಿಸಬೇಕಾ ಅಂತ ಕೇಳಲು ಮುಂದಿನ ವಾರ ಡಾಕ್ಟರ ಹತ್ತಿರ ಹೋಗಬೇಕು. ಬೆಳಗ್ಗಿನ ಮೊದಲ ಅಪಾಯಿಂಟ್‌ಮೆಂಟ್ ಸಿಕ್ಕಿದರೆ ಒಳ್ಳೆಯದು, ಆಗ ಜನ ಕಡಿಮೆ. ಅವಳ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡಿದ್ದೇನೆ. ಕಾಯುವ ಕೋಣೆಯಲ್ಲಿ ಟಿವಿ ಹಾಕಿರುತ್ತಾರಾ ಅಂತ ನಾಳೆ ನಾನೇ ಫೋನ್ ಮಾಡಿ ಕೇಳುತ್ತೇನೆ.