ಫೋಟೋ ಇವರದು, ಕ್ಯಾಪ್ಷನ್ ಅವರದು

"ನಮ್ಮ ಫೋಟೋ ಕೆಳಗೆ ಆ ಕಂಪನಿ ಹೆಸರು ಯಾಕಿದೆ?"

ಬೆಳಿಗ್ಗೆ ಎಂಟೂವರೆಗೆ ಫೋನ್ ಎತ್ತಿದ ಕೂಡಲೇ ಕ್ಲೈಂಟ್ ಕೇಳಿದ್ದು ಇದು. ಹಿಂದಿನ ರಾತ್ರಿಯಷ್ಟೇ 640 ಫೋಟೋ ಡೆಲಿವರಿ ಮಾಡಿ ನೆಮ್ಮದಿಯಾಗಿ ಮಲಗಿದ್ದೆ. 'ಆ ಕಂಪನಿ' ಅಂದರೆ ಅವರ ನೇರ ಎದುರಾಳಿ.

ಫೈಲ್ ತೆರೆದು ನೋಡಬೇಕಿತ್ತು. ನೋಡಲಿಲ್ಲ. "ನಾವು ಕೊಟ್ಟಿದ್ದು ಬರೀ ಫೋಟೋ. ಬರಹ ಹಾಕಿದ್ದು ನಿಮ್ಮ ವೆಬ್‌ನವರು, ಅವರನ್ನೇ ಕೇಳಿ" ಅಂದೆ. ದನಿಯಲ್ಲಿ ಸ್ವಲ್ಪ ಗತ್ತೂ ಇತ್ತು. ವೆಬ್ ಹುಡುಗಿಯೂ ಕಾಲ್‌ನಲ್ಲೇ ಇದ್ದಾಳೆ ಅಂತ ಯಾರೂ ಹೇಳಿರಲಿಲ್ಲ.

"ಸರ್, ನಾನು ಏನೂ ಟೈಪ್ ಮಾಡಿಲ್ಲ" ಅಂದಳು ಮೆಲ್ಲಗೆ. "ಸೈಟಿನ ವರ್ಡ್‌ಪ್ರೆಸ್‌ಗೆ ಅಪ್‌ಲೋಡ್ ಮಾಡಿದೆ, ಕ್ಯಾಪ್ಷನ್ ತಾನಾಗೇ ಬಂತು. ನಿಮ್ಮ ಫೈಲ್ ಒಳಗೇ ಇದೆ."

ತೆರೆದೆ. ಇತ್ತು. 640ರಲ್ಲೂ ಇತ್ತು. ಹಿಂದಿನ ವಾರದ ಶೂಟ್‌ನ ಕಂಪನಿ ಹೆಸರು, ಇನ್ನೂ ಮಾರುಕಟ್ಟೆಗೆ ಬಾರದ ಅವರ ಮಾಡೆಲ್ ಹೆಸರು, ಕೊನೆಗೆ 'ಬಿಡುಗಡೆಗೆ ಮೊದಲು ಪ್ರಕಟಿಸುವಂತಿಲ್ಲ' ಅನ್ನೋ ಸಾಲು. ಅದನ್ನು ಎದುರಾಳಿಯ ವೆಬ್‌ಸೈಟಿನಲ್ಲೇ ಪ್ರಕಟಿಸಿಬಿಟ್ಟಿದ್ದೆ! ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಬಾಯಿ ಒಣಗಿತ್ತು.

ಆಗಿದ್ದು ಇಷ್ಟೇ. ಫೋಟೋ ಎಡಿಟ್ ಮಾಡುವ ಲೈಟ್‌ರೂಮ್‌ನ ಇಂಪೋರ್ಟ್ ಪ್ಯಾನೆಲ್‌ನಲ್ಲಿ ಹೋದ ಸಲದ ಮೆಟಾಡೇಟಾ ಪ್ರೀಸೆಟ್, ಅಂದರೆ ಪ್ರತಿ ಫೈಲ್ ಒಳಗೂ ತಾನಾಗೇ ಸೇರುವ ಬರಹದ ಅಚ್ಚು, ಹಾಗೇ ಕೂತಿತ್ತು. ಎಕ್ಸ್‌ಪೋರ್ಟ್ ಮಾಡುವಾಗ 'ಆಲ್ ಮೆಟಾಡೇಟಾ' ಇತ್ತು, ಅದೆಲ್ಲ ಫೈಲ್ ಜೊತೆಗೇ ಹೋಯ್ತು. ಕಲ್ ಮಾಡುವಾಗ, ಅಂದರೆ ಒಳ್ಳೆ ಫೋಟೋ ಆರಿಸುವಾಗ, ಕಣ್ಣು, ಫೋಕಸ್, ಎಕ್ಸ್‌ಪೋಶರ್ ನೋಡುತ್ತೇವೆ. ಕ್ಯಾಪ್ಷನ್ ಬಾಕ್ಸ್ ಯಾರು ನೋಡ್ತಾರೆ?

ಗಾಬರಿಯಲ್ಲಿ, ಫೈಲ್ ಒಳಗಿನ ಮೆಟಾಡೇಟಾ ತಿದ್ದುವ ಎಕ್ಸಿಫ್‌ಟೂಲ್ ತೆರೆದೆ. ಕಮಾಂಡ್ ಹೊಡೆದೆ: ಆಲ್, ಈಕ್ವಲ್, ಎಂಟರ್. ಎಲ್ಲ ಅಳಿಸಿ ಹೊಸ ಸೆಟ್ ಕಳಿಸಿದೆ. ಗೆದ್ದೆ ಅಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನ್: "ಬಣ್ಣ ಯಾಕೆ ಸಪ್ಪೆ ಆಗಿದೆ?"

ಪ್ರಿಂಟ್‌ಗೂ ಬೇಕು ಅಂತ ಅಡೋಬಿ ಆರ್‌ಜಿಬಿ ಅನ್ನೋ ದೊಡ್ಡ ಬಣ್ಣದ ವ್ಯಾಪ್ತಿಯಲ್ಲಿ ಕೊಟ್ಟಿದ್ದೆ. ಆ ಕಮಾಂಡ್, ಬಣ್ಣ ಹೇಗೆ ತೋರಿಸಬೇಕು ಅಂತ ಹೇಳುವ ಐಸಿಸಿ ಪ್ರೊಫೈಲನ್ನೂ ಗುಡಿಸಿ ಹಾಕಿತ್ತು. ನನ್ನ ಹೆಸರು, ಕಾಪಿರೈಟ್, ಫೋಟೋ ತೆಗೆದ ಸಮಯ, ಒಂದೂ ಉಳಿದಿರಲಿಲ್ಲ. ನಾಳೆ ಯಾರಾದರೂ ಆ ಫೋಟೋ ಎತ್ತಿಕೊಂಡರೆ ಅದು ಯಾರದು ಅಂತ ಹೇಳೋಕೆ ಫೈಲ್ ಒಳಗೆ ಏನೂ ಇಲ್ಲ. ಪುಣ್ಯಕ್ಕೆ, ಎಕ್ಸಿಫ್‌ಟೂಲ್ ಹಳೆ ಫೈಲನ್ನು 'ಒರಿಜಿನಲ್' ಅಂತ ಬಾಲ ಸೇರಿಸಿ ಪಕ್ಕದಲ್ಲೇ ಇಟ್ಟಿರುತ್ತದೆ. ಅದನ್ನೂ ಬೇಡ ಅನ್ನೋ ಆಪ್ಷನ್ ಇದೆ. ಅವತ್ತು ಅದು ನೆನಪಾಗಲಿಲ್ಲ, ಒಳ್ಳೇದಾಯ್ತು.

ಆಮೇಲೆ ನಿಧಾನವಾಗಿ ಕ್ಯಾಪ್ಷನ್ ಮಾತ್ರ ತೆಗೆದೆ. ಅದೂ ಫೈಲ್ ಒಳಗೆ ಮೂರು ಖಾನೆಗಳಲ್ಲಿ ಕೂತಿರುತ್ತದೆ: ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ. ಒಂದು ಕಡೆ ಅಳಿಸಿ ಬಿಟ್ಟರೆ ಇನ್ನೊಂದು ಕಡೆಯಿಂದ ಇಣುಕುತ್ತದೆ. ಮೂರನೇ ಸೆಟ್ ಹೋಗುವಷ್ಟರಲ್ಲಿ ಮಧ್ಯಾಹ್ನ. ಹಳೆ ಕ್ಲೈಂಟ್‌ಗೆ ನಾನೇ ಫೋನ್ ಮಾಡಿ ಒಪ್ಪಿಕೊಂಡೆ. ಆ ಮಾತುಕತೆ ಇಲ್ಲಿ ಬೇಡ.

ಈಗ ಪ್ರೀಸೆಟ್‌ನಲ್ಲಿ ಹೆಸರು, ಕಾಪಿರೈಟ್, ಇಮೇಲ್ ಮಾತ್ರ. ಕ್ಯಾಪ್ಷನ್ ಪ್ರತಿ ಜಾಬ್‌ಗೂ ಕೈಯಲ್ಲೇ. ಜಿಪಿಎಸ್ ಆಫ್. ಎಕ್ಸ್‌ಪೋರ್ಟ್ ಆದ ಮೇಲೆ ಎರಡು ಫೈಲ್ ತೆರೆದು ಓದುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. "ಅದಕ್ಕೆ ಬಿಲ್ ಮಾಡೋಕೆ ಆಗಲ್ಲ" ಅಂತ ಸ್ಟುಡಿಯೋ ಮಾಲೀಕರ ಗೊಣಗಾಟ. ಮೂರು ಸಲ ಡೆಲಿವರಿ ಮಾಡಿದ್ದಕ್ಕೆ ಬಿಲ್ ಮಾಡಿದ್ರಾ ಅಂತ ಕೇಳಬೇಕು ಅನಿಸುತ್ತದೆ. ಕೇಳಿಲ್ಲ.

ಆ ಕ್ಲೈಂಟ್ ನಮ್ಮನ್ನು ಬಿಡಲಿಲ್ಲ. ಪ್ರತಿ ಸಲ ಲಿಂಕ್ ಕಳಿಸಿದಾಗ ವೆಬ್ ಹುಡುಗಿಯಿಂದ ಒಂದೇ ಮೆಸೇಜ್ ಬರುತ್ತದೆ: "ಸರ್, ಈ ಸಲ ಯಾರ ಹೆಸರಿದೆ?"