ಹಳೇ ಜಾವಾ ಬೈಕ್ ರೆಡಿ ಮಾಡಿಸಲು ಎಷ್ಟು ಖರ್ಚಾಗುತ್ತದೆ?

"ನಮ್ಮ ಅಜ್ಜಾರ ಜಾವಾ ಐತ್ರಿ. ರೆಡಿ ಮಾಡಸಾಕ ಎಷ್ಟ ಖರ್ಚ ಬರ್ತೈತ್ರಿ?" ಬೆಳಗಾವಿಯಲ್ಲಿ ನನ್ನ ಹಳೇ ಗಾಡಿಗಳ ಹುಚ್ಚು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ಒಂದು ಅಂದಾಜು ಹೇಳುತ್ತೇನೆ. ಪೂರ್ತಿ ಬಿಚ್ಚಿ ಎಂಜಿನ್, ಬಣ್ಣ, ಕ್ರೋಮ್, ವೈರಿಂಗ್ ಎಲ್ಲ ಮಾಡಿಸಿದರೆ ಲಕ್ಷದ ಆಸುಪಾಸು ಇಟ್ಟುಕೊಳ್ಳಿ. ಓಡಿದರೆ ಸಾಕು, ಅಂದ ಆಮೇಲೆ ನೋಡೋಣ ಅನ್ನುವವರಿಗೆ ಅದರ ಮೂರನೇ ಒಂದು ಪಾಲಿನಲ್ಲಿ ಮುಗಿಯಲೂಬಹುದು. ನಿಮ್ಮ ಗಾಡಿ ಯಾವ ಕಡೆ ವಾಲುತ್ತದೆ ಅಂತ ತಿಳಿಯಲು ನಾನು ಮೊದಲು ಕೇಳುವುದು ಒಂದು ಮಾತು: ಗಾಡಿಯಲ್ಲಿ ಏನೇನು ಇಲ್ಲ? ಕೆಟ್ಟಿದ್ದನ್ನು ಸರಿ ಮಾಡಿಸಬಹುದು. ಇಲ್ಲದ್ದನ್ನು ಹುಡುಕಬೇಕು. ಹುಡುಕಾಟಕ್ಕೂ ದುಡ್ಡು ಹೋಗುತ್ತದೆ.

ಎಲ್ಲರೂ ಹೆದರುವುದು ಎಂಜಿನ್‌ಗೆ. ಹೆದರಬೇಡಿ. ಜಾವಾ 250 ಒಂದೇ ಸಿಲಿಂಡರಿನ ಟೂ ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ, ಅಂದರೆ ಒಳಗಿನ ತೂತನ್ನು ಸ್ವಲ್ಪ ದೊಡ್ಡದು ಮಾಡಿಸಿ, ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಸದ್ದು ಮಾಡಿದರೆ ಪ್ರೆಸ್ಸಿನಲ್ಲಿ ಬಿಚ್ಚಿ, ಹೊಸ ಕನೆಕ್ಟಿಂಗ್ ರಾಡ್ ಕಿಟ್ ಕೂರಿಸಿ, ಮತ್ತೆ ಸೆಂಟರ್‌ಗೆ ತರುತ್ತಾರೆ. ಆಯಿಲ್ ಸೀಲುಗಳನ್ನು ಮಾತ್ರ ಯೋಚನೆ ಮಾಡದೆ ಬದಲಿಸಿ. ಟೂ ಸ್ಟ್ರೋಕಿನಲ್ಲಿ ಗಾಳಿ, ಪೆಟ್ರೋಲು ಕ್ರ್ಯಾಂಕ್‌ಕೇಸಿನ ಒಳಗಿಂದಲೇ ಸಿಲಿಂಡರಿಗೆ ಹೋಗುತ್ತವೆ. ವರ್ಷಗಟ್ಟಲೆ ನಿಂತು ಗಟ್ಟಿಯಾದ ಸೀಲು ಗಾಳಿ ಎಳೆದರೆ ಗಾಡಿ ನಿಂತಾಗ ಎಂಜಿನ್ ಒಂದೇ ಸಮ ಓಡುವುದೇ ಇಲ್ಲ.

ಈ ವಿಷಯದಲ್ಲಿ ಬೆಳಗಾವಿಯವರು ನಿಜಕ್ಕೂ ಪುಣ್ಯವಂತರು. ಉದ್ಯಮಬಾಗ್ ತುಂಬ ಫೌಂಡ್ರಿ, ಮಷಿನ್ ಶಾಪ್‌ಗಳು. ಕಬ್ಬಿಣದ ಕೆಲಸ ಬಲ್ಲ ಕೈಗಳು ಊರಲ್ಲೇ ಇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಿಸಿತು. ಅಷ್ಟು ವರ್ಷ ರಸ್ತೆ ಮೇಲಿದ್ದ ಗಾಡಿಯಾದ್ದರಿಂದ ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್ ಇವತ್ತಿಗೂ ಸಿಗುತ್ತವೆ. ಹಾಗಾಗಿ ಎಂಜಿನ್ ಬಿಚ್ಚಿ ನೋಡಿದ ಮಿಸ್ತ್ರಿ ಒಂದು ಚೀಟಿ ಬರೆದುಕೊಟ್ಟರೆ ಕೊನೆಯ ಬಿಲ್ಲು ಅದರಿಂದ ತುಂಬಾ ದೂರ ಹೋಗುವುದಿಲ್ಲ.

ದೂರ ಹೋಗುವುದು ಕ್ರೋಮಿನಲ್ಲಿ. ಹಳೇ ಜಾವಾ ಟ್ಯಾಂಕ್ ಕಣ್ಣಮುಂದೆ ತಂದುಕೊಳ್ಳಿ. ಮರೂನ್ ಬಣ್ಣ, ಎರಡೂ ಬದಿ ಹೊಳೆಯುವ ಕ್ರೋಮ್, ಅಂಚಿಗೆ ಬಂಗಾರದ ಗೆರೆ. ಅದಕ್ಕಿಂತ ಚೆಂದದ ಟ್ಯಾಂಕ್ ನಮ್ಮ ದೇಶದ ಇನ್ಯಾವ ಗಾಡಿಗೂ ಇರಲಿಲ್ಲ ಅಂತಲೇ ನನ್ನ ನಂಬಿಕೆ. ಆದರೆ ಕ್ರೋಮ್ ಪದರ ಬಹಳ ತೆಳು. ಕೆಳಗಿನ ತಗಡು ಹೇಗಿದೆಯೋ ಹಾಗೇ ತೋರಿಸಿಬಿಡುತ್ತದೆ. ಬಣ್ಣವಾದರೆ ಪುಟ್ಟಿ ತುಂಬಿ ಗುಳಿ ಮುಚ್ಚಬಹುದು, ಕ್ರೋಮಿನಡಿ ಪುಟ್ಟಿ ನಡೆಯುವುದಿಲ್ಲ. ಹಳೇ ಪದರ ತೆಗೆದು, ತುಕ್ಕಿನ ಗುಳಿಗಳನ್ನು ಉಜ್ಜಿ, ತಾಮ್ರ ಹಿಡಿಸಿ, ಮತ್ತೆ ಉಜ್ಜಿ, ನಿಕ್ಕಲ್, ಕೊನೆಗೆ ಕ್ರೋಮ್. ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಉಜ್ಜುವ ಕೈಗೆ ಹೋಗುತ್ತದೆ, ಹೋಗಲೂಬೇಕು. ಟ್ಯಾಂಕಿನ ಮೇಲೆ ಉಗುರು ಆಡಿಸಿ. ಗುಳಿಗೆ ಉಗುರು ಸಿಕ್ಕಿಕೊಂಡರೆ ಕ್ರೋಮಿನ ಲೆಕ್ಕ ಜಾಸ್ತಿಯೇ ಹಿಡಿಯಿರಿ.

ಅದಕ್ಕೇ ಗಾಡಿ ಎಲ್ಲಿ ನಿಂತಿತ್ತು ಅಂತಲೂ ವಿಚಾರಿಸುತ್ತೇನೆ. ಖಾನಾಪುರ ಕಡೆಯ ಮಳೆ, ದನದ ಕೊಟ್ಟಿಗೆಯ ಗಂಜಲ ಎರಡೂ ಸೇರಿದರೆ ರಿಮ್ಮು, ಮಡ್‌ಗಾರ್ಡ್ ಉಳಿಯುವುದು ಕಷ್ಟ. ವಿಜಯಪುರ, ಬಾಗಲಕೋಟೆಯ ಒಣ ಬಿಸಿಲಿನಲ್ಲಿ ನಿಂತ ಗಾಡಿಯ ತಗಡು ಗಟ್ಟಿಯಾಗಿರುತ್ತದೆ. ಟೈರು, ರಬ್ಬರು, ವೈರಿನ ಹೊದಿಕೆ ಬಿರಿದಿರುತ್ತವೆ, ಅಷ್ಟೇ. ರಬ್ಬರಿಗೆ ಎಷ್ಟಾಗುತ್ತದೆ ಹೇಳಿ! ಕೊಳ್ಳುವವರಾದರೆ ಬಿಸಿಲೂರಿನ ಗಾಡಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಇನ್ನು ಇಲ್ಲದ ಸಾಮಾನು. ಹೆಡ್‌ಲೈಟಿನ ಮೇಲೇ ಕೂರುವ ಸ್ಪೀಡೋಮೀಟರ್, ಜಿಕೋವ್ ಕಾರ್ಬುರೇಟರ್, ಜೋಡಿ ಸೈಲೆನ್ಸರ್, ಟೂಲ್ ಬಾಕ್ಸಿನ ಮುಚ್ಚಳ. ಇವು ಇವೆಯಾ ಅಂತ ಮೊದಲು ನೋಡಿ. ಡೂಪ್ಲಿಕೇಟ್ ಸಿಗುತ್ತವೆ. ಒರಿಜಿನಲ್ ಬೇಕಂದರೆ ಮಾರುವವರು ಹೇಳಿದ್ದೇ ರೇಟು. ದಿನಾ ಓಡಿಸುವ ಗಾಡಿಗೆ ಡೂಪ್ಲಿಕೇಟ್ ಸೈಲೆನ್ಸರ್ ಸಾಕು ಅನ್ನುತ್ತೇನೆ. ಕಾರ್ಬುರೇಟರಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಜಾವಾದಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ. ಒಳಗೆ ಒತ್ತಿ ಮೇಲೆತ್ತಿದರೆ ಅದೇ ಕಿಕ್. ಎರಡು ಕೆಲಸ ಮಾಡುವ ಆ ಲಿವರಿನ ಹಲ್ಲು ಸವೆದಿದೆಯಾ ಅಂತಲೂ ನೋಡಿಕೊಳ್ಳಿ.

ಕಾಗದ ಇಲ್ಲದಿದ್ದರೆ? ಆಗ ಬೇರೆ ಯಾವ ಲೆಕ್ಕವೂ ಹಾಕಬೇಡಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದಲೇಬೇಕು. ತೀರಿಕೊಂಡ ಅಜ್ಜನ ಹೆಸರಲ್ಲಿದ್ದರೆ ವಾರಸುದಾರರು ಫಾರ್ಮ್ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಕೊಲ್ಲಾಪುರದಿಂದ ತಂದ ಗಾಡಿಗೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಅದು ಖರ್ಚಿನ ಚೀಟಿಯಲ್ಲೇ ಇರಲಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಇದೆ. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಗಾಡಿ ಹತ್ತಿ ಊರೂರು ಸುತ್ತುವ ಆಸೆಯಿದ್ದವರು ಸುಮ್ನೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿ.

ಅಂದಾಜು ಬರೆಯುವಾಗ ಕಾಗದ, ಇಲ್ಲದ ಸಾಮಾನು, ತಗಡು ಮತ್ತು ಕ್ರೋಮ್, ಎಂಜಿನ್ ಅನ್ನುವ ಸಾಲಿನಲ್ಲೇ ಬರೆಯಿರಿ. ಬಂದ ಮೊತ್ತದ ಮೂರನೇ ಒಂದು ಪಾಲನ್ನು ಅಂದಾಜು ಮೀರಿ ಬರುವ ಖರ್ಚಿಗೆ ಅಂತ ಬೇರೆ ತೆಗೆದಿಡಿ. ಮಿಸ್ತ್ರಿಗೆ ಕೆಲಸ ಮುಗಿದಂತೆ ಕಂತಿನಲ್ಲಿ ಕೊಡಿ, ಆದರೆ ತಡ ಮಾಡಬೇಡಿ. ಬಣ್ಣಕ್ಕೆ ಮುಂಚೆ ಒಮ್ಮೆ ಎಲ್ಲ ಜೋಡಿಸಿ ಓಡಿಸಿ ನೋಡಿ. ಬಣ್ಣ ಆದ ಮೇಲೆ ಫ್ರೇಮಿಗೆ ವೆಲ್ಡಿಂಗ್ ಬಂದರೆ ಆ ಬಣ್ಣಕ್ಕೆ ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ.