ಎಡಗೈ ಊಟ

ಸ್ಟ್ರೋಕ್ ಆದಮೇಲೆ ಅಮ್ಮನ ಬಲಗೈ ಇನ್ನೂ ಪೂರ್ತಿ ಮಾತು ಕೇಳುತ್ತಿಲ್ಲ. ಫಿಸಿಯೋಥೆರಪಿ ನಡೀತಾ ಇದೆ. ಬಟ್ಟಲಿಂದ ಕಡಲೆಕಾಳನ್ನು ಒಂದೊಂದೇ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕಬೇಕು. ಹೆಬ್ಬೆರಳು, ತೋರುಬೆರಳು ಸೇರುವಷ್ಟರಲ್ಲಿ ಕಾಳು ಜಾರಿ ಮಂಚದ ಕೆಳಗೆ. "ಹಾಳಾಗ್ಹೋಗು!" ಅಂತ ಕಾಳಿಗೇ ಬೈಯುತ್ತಾಳೆ.

ತಮಾಷೆ ಅಂದರೆ, ನನ್ನ ಹೆಸರು ಹೇಳಲು ತಡವರಿಸುವ ಬಾಯಲ್ಲಿ ಬೈಗುಳ ಮಾತ್ರ ಸರಾಗ! ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಮೈ ಜೊತೆ ಮಾತೂ ಸೋಲಬಹುದು. ಆದರೆ ಬೈಗುಳ, ಒಂದು-ಎರಡು-ಮೂರು ಎಣಿಕೆ, ಬಾಯಿಪಾಠವಾದ ದೇವರನಾಮ ಎಷ್ಟೋ ಜನರಲ್ಲಿ ಉಳಿದುಕೊಳ್ಳುತ್ತವಂತೆ. ರಾಗ ಹಾಕಿ ಮಾತು ಕಲಿಸುವ ಥೆರಪಿ 1970ರ ದಶಕದಿಂದಲೇ ಇದೆ. ಹಾಗಾಗಿ ನಮ್ಮನೇಲಿ ಈಗ "ನೀರು ಬೇಕು" ಕೂಡ ಹಾಡಿನ ಧಾಟಿಯಲ್ಲೇ.

ನಿಜವಾದ ಕಷ್ಟ ಊಟದ್ದು. ಮನೆಯಲ್ಲಿ ಎಡಗೈಲಿ ಚಮಚ ಹಿಡಿದು ತಿನ್ನುತ್ತಾಳೆ. ಮೊನ್ನೆ ಗೃಹಪ್ರವೇಶದ ಪಂಕ್ತಿಯಲ್ಲಿ ಮಾತ್ರ ಎಲೆ ಮುಟ್ಟಲೇ ಇಲ್ಲ. "ಎಡಗೈ... ಜನ... ಬೇಡ." ಈ ನಾಚಿಕೆಗೆ ಯಾವ ವ್ಯಾಯಾಮ ಹೇಳಿಕೊಡ್ತಾರೋ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಜನ ಅಂದ್ಕೊಳ್ಲಿ ಬಿಡೇ, ಹೋಳಿಗೆ ಆರಿಹೋಗುತ್ತೆ" ಅಂದರು. ಅಮ್ಮ ಹೋಳಿಗೆ ತಿಂದಳು. ತುಪ್ಪದವನನ್ನು ಎಡಗೈ ಬೀಸಿ ಕರೆದಳು ಕೂಡ.